ಪಕ್ಕದ ಮನೆ ಮುಟ್ಟದೆ ವಿಂಡೋಸ್ ವಾಪಸ್ ತರುವುದು

ನನ್ನ ರಿಪೇರಿ ಟೇಬಲ್‌ಗೆ ಬಂದ ಒಂದು ಲ್ಯಾಪ್‌ಟಾಪ್ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅದು ಒಬ್ಬ ಸಂಶೋಧನಾ ವಿದ್ಯಾರ್ಥಿನಿಯದು. ಒಂದೇ ಡಿಸ್ಕ್‌ನಲ್ಲಿ ವಿಂಡೋಸ್ ಇತ್ತು, ಲಿನಕ್ಸ್ ಕೂಡ ಇತ್ತು. ವಿಂಡೋಸ್ ಕೆಟ್ಟಿತು. ಅವರ ಹತ್ತಿರ ಒಳ್ಳೆಯ ಬ್ಯಾಕಪ್ ಇತ್ತು. ವಾಪಸ್ ಹಾಕುವಾಗ ಟೂಲ್ ಕೇಳಿತು: ಇಡೀ ಡಿಸ್ಕ್ ಹಾಕಲೋ, ಪಾರ್ಟಿಷನ್ (ಡಿಸ್ಕ್‌ನ ಒಂದು ಭಾಗ) ಹಾಕಲೋ? ಅವರು ಡಿಸ್ಕ್ ಎಂದರು. ಆ ಬ್ಯಾಕಪ್ ಇಮೇಜ್ (ಡಿಸ್ಕ್‌ನ ಪಡಿಯಚ್ಚು) ತೆಗೆದಿದ್ದು ಲಿನಕ್ಸ್ ಹಾಕುವ ಮುಂಚೆ. ಹಳೆಯ ಪಾರ್ಟಿಷನ್ ಟೇಬಲ್ (ಯಾವ ಭಾಗ ಎಲ್ಲಿದೆ ಎಂಬ ಪಟ್ಟಿ) ವಾಪಸ್ ಬಂತು, ವಿಂಡೋಸ್ ಚೆನ್ನಾಗಿಯೇ ಎದ್ದಿತು. ಲಿನಕ್ಸ್ ಇದ್ದ ಜಾಗ ಮಾತ್ರ ಕಾಣೆಯಾಯಿತು. ಎರಡು ವರ್ಷದ ಕೆಲಸ ಅಲ್ಲಿತ್ತು. ಗಂಟೆಗಟ್ಟಲೆ ಹುಡುಕಿದ ಮೇಲೆ ನನಗೆ ಸಿಕ್ಕಿದ್ದು ಹೆಸರಿಲ್ಲದ ಫೈಲ್ ಚೂರುಗಳು.

ಅಂದಿನಿಂದ ಡ್ಯುಯಲ್ ಬೂಟ್ (ಒಂದೇ ಕಂಪ್ಯೂಟರ್‌ನಲ್ಲಿ ಎರಡು ಓಎಸ್) ಇಟ್ಟುಕೊಂಡವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೇನೆ. ಬ್ಯಾಕಪ್ ತೆಗೆಯುವಾಗಲೇ ವಾಪಸ್ ಹಾಕುವ ದಿನವನ್ನು ನೆನೆಸಿಕೊಳ್ಳಿ. ಡೇಟಾ ಹೋಗುವುದು ಹೆಚ್ಚಾಗಿ ಆ ದಿನವೇ.

ಮೊದಲು ಡಿಸ್ಕ್ ಒಳಗೆ ಏನೇನಿದೆ ನೋಡೋಣ. ಯುಇಎಫ್‌ಐ (ಆನ್ ಮಾಡಿದಾಗ ಮೊದಲು ಓಡುವ ತಂತ್ರಾಂಶ) ಇರುವ ಈಗಿನ ಕಂಪ್ಯೂಟರ್‌ನಲ್ಲಿ ವಿಂಡೋಸ್ ಅಂದರೆ ಬರೀ ಸಿ ಡ್ರೈವ್ ಅಲ್ಲ. ಇಎಫ್‌ಐ ಪಾರ್ಟಿಷನ್ ಅಂತ ಒಂದು ಚಿಕ್ಕದು ಇರುತ್ತದೆ, ಸಾಮಾನ್ಯವಾಗಿ 100 ಎಂಬಿ ಅಥವಾ ಸ್ವಲ್ಪ ಜಾಸ್ತಿ. ಮೈಕ್ರೋಸಾಫ್ಟ್ ಕಾದಿರಿಸಿದ 16 ಎಂಬಿ ಜಾಗ ಇರುತ್ತದೆ. ಆಮೇಲೆ ಸಿ ಡ್ರೈವ್, ಅದರ ಹಿಂದೆ ಒಂದು ರಿಕವರಿ ಪಾರ್ಟಿಷನ್. ಇವುಗಳ ಜೊತೆಗೆ ಲಿನಕ್ಸ್‌ನ ಪಾರ್ಟಿಷನ್‌ಗಳು. ಇದರಲ್ಲಿ ಇಎಫ್‌ಐ ಪಾರ್ಟಿಷನ್ ಇಬ್ಬರಿಗೂ ಸೇರಿದ್ದು. ವಿಂಡೋಸ್‌ನ ಬೂಟ್ ಫೈಲ್‌ಗಳು ಒಂದು ಫೋಲ್ಡರ್‌ನಲ್ಲಿ, ಲಿನಕ್ಸ್‌ನ ಗ್ರಬ್ (ಯಾವ ಓಎಸ್ ಬೇಕೆಂದು ಕೇಳುವ ಬೂಟ್ ಮೆನು) ಫೈಲ್‌ಗಳು ಇನ್ನೊಂದರಲ್ಲಿ ಇರುತ್ತವೆ. ಒಂದು ವರ್ಷ ಹಳೆಯ ಇಎಫ್‌ಐ ಇಮೇಜ್ ಅನ್ನು ಇದರ ಮೇಲೆ ಹಾಕಿದರೆ ಲಿನಕ್ಸ್‌ನ ಫೋಲ್ಡರ್ ಹಳೆಯದಾಗುತ್ತದೆ, ಇಲ್ಲವೇ ಹೋಗಿಯೇ ಬಿಡುತ್ತದೆ. ಹಾಗಾಗಿ ಇಎಫ್‌ಐ ಪಾರ್ಟಿಷನ್‌ನ ಫೈಲ್‌ಗಳನ್ನು ಬೇರೆಯಾಗಿ ಕಾಪಿ ಮಾಡಿ ಇಡಿ. ಅದು ಸರಿಯಾಗಿ ಕೆಲಸ ಮಾಡುತ್ತಿದ್ದರೆ ರಿಸ್ಟೋರ್ (ವಾಪಸ್ ಹಾಕುವ) ಸಮಯದಲ್ಲಿ ಮುಟ್ಟಲೇಬೇಡಿ.

ಲಿನಕ್ಸ್ ಲೈವ್ ಯುಎಸ್‌ಬಿಯಿಂದ (ಡಿಸ್ಕ್‌ಗೆ ಹಾಕದೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಇಮೇಜ್ ತೆಗೆಯುವುದು ನನಗೆ ಇಷ್ಟ. ಆಗ ವಿಂಡೋಸ್ ಮಲಗಿರುತ್ತದೆ, ಫೈಲ್‌ಗಳು ಬದಲಾಗುವುದಿಲ್ಲ. ಆದರೆ ಅದು ನಿಜವಾಗಿಯೂ ಮಲಗಿದೆಯಾ? ಹೆಚ್ಚು ಜನ ಎಡವುವುದು ಇಲ್ಲೇ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಫಾಸ್ಟ್ ಸ್ಟಾರ್ಟಪ್ ಎಂಬುದಿದೆ. ಇದು ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಆಫ್ ಆಗುವುದಿಲ್ಲ. ತನ್ನ ಕರ್ನಲ್ (ಓಎಸ್‌ನ ತಿರುಳು) ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಅರೆನಿದ್ದೆಗೆ ಹೋಗುತ್ತದೆ. ಆಗ ಸಿ ಡ್ರೈವ್‌ನ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಇನ್ನೂ ಬಳಕೆಯಲ್ಲಿದೆ ಎಂಬ ಗುರುತು ಉಳಿಯುತ್ತದೆ. ಲಿನಕ್ಸ್ ಅದನ್ನು ಓದಲು ಮಾತ್ರ ತೆರೆಯುತ್ತದೆ, ಇಮೇಜ್ ಟೂಲ್‌ಗಳು ತಕರಾರು ಮಾಡುತ್ತವೆ. ಬಲವಂತದ ಆಯ್ಕೆ ಹಾಕಿ ಮುಂದೆ ಹೋದರೆ ಅರ್ಧ ಎದ್ದ ವಿಂಡೋಸ್‌ನ ಫೋಟೋ ತೆಗೆದಂತೆ. ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಒಮ್ಮೆ ಪೂರ್ತಿ ಶಟ್‌ಡೌನ್ ಮಾಡಿ, ಆಮೇಲೆ ಇಮೇಜ್ ತೆಗೆಯಿರಿ. ಡ್ಯುಯಲ್ ಬೂಟ್ ಇರುವಷ್ಟು ದಿನ ಅದು ಆಫ್ ಆಗಿಯೇ ಇರಲಿ ಎನ್ನುತ್ತೇನೆ. ಬೂಟ್ ಆಗಲು ಕೆಲವು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಬಿಟ್‌ಲಾಕರ್ (ವಿಂಡೋಸ್‌ನ ಎನ್‌ಕ್ರಿಪ್ಶನ್, ಅಂದರೆ ಡಿಸ್ಕ್‌ಗೆ ಹಾಕುವ ಬೀಗ) ಆನ್ ಇದ್ದರೆ ಲೆಕ್ಕವೇ ಬೇರೆ. ಲಿನಕ್ಸ್ ಕಡೆಯ ಇಮೇಜ್ ಟೂಲ್‌ಗೆ ಒಳಗೆ ಏನಿದೆ ಎಂದು ಗೊತ್ತಾಗುವುದಿಲ್ಲ. ಖಾಲಿ ಜಾಗವನ್ನೂ ಸೇರಿಸಿ ಇಡೀ ಪಾರ್ಟಿಷನ್ ಕಾಪಿ ಆಗುತ್ತದೆ. 200 ಜಿಬಿ ಪಾರ್ಟಿಷನ್‌ನಲ್ಲಿ 60 ಜಿಬಿ ಮಾತ್ರ ತುಂಬಿದ್ದರೂ ಇಮೇಜ್ 200 ಜಿಬಿ ಹತ್ತಿರ ಬರಬಹುದು. ಇನ್ನೊಂದು ವಿಷಯ: 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಇಲ್ಲದಿದ್ದರೆ ಇಂಥ ಕೆಲಸಕ್ಕೆ ಕೈ ಹಾಕಬೇಡಿ. ರಿಸ್ಟೋರ್ ಆದ ಮೇಲೆ ವಿಂಡೋಸ್ ಅದನ್ನು ಕೇಳಬಹುದು. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಶನ್ ಮೊದಲೇ ಆನ್ ಆಗಿರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ.

ಟೂಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಮೇಜ್ ತೆಗೆದು ವಾಪಸ್ ಹಾಕಲು ಕ್ಲೋನ್‌ಜಿಲ್ಲಾ ಸಾಕು, ಕಮಾಂಡ್ ಒಗ್ಗಿದವರಿಗೆ ಎನ್‌ಟಿಎಫ್‌ಎಸ್‌ಕ್ಲೋನ್ ಇದೆ. ಎರಡೂ ತುಂಬಿದ ಜಾಗವನ್ನಷ್ಟೇ ಉಳಿಸುತ್ತವೆ. ಇಮೇಜ್ ಇನ್ನೊಂದು ಡಿಸ್ಕ್‌ಗೆ ಹೋಗಬೇಕು. ಆ ಡಿಸ್ಕ್ ಫ್ಯಾಟ್32 (ಒಂದು ಹಳೆಯ ಫೈಲ್ ವ್ಯವಸ್ಥೆ) ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ನೆನಪಿರಲಿ. ಇಮೇಜ್ ಪಕ್ಕದಲ್ಲೇ ಪಾರ್ಟಿಷನ್ ಟೇಬಲ್‌ನ ಒಂದು ಪ್ರತಿ ಇಡಿ. ಯಾವ ಪಾರ್ಟಿಷನ್ ಎಷ್ಟು ದೊಡ್ಡದು, ಅದರ ಲೇಬಲ್ ಏನು ಎಂಬ ಪಟ್ಟಿಯನ್ನೂ ಕಾಗದದ ಮೇಲೆ ಬರೆದಿಡಿ.

ಈಗ ಜನ ಬೀಳುವ ಒಂದು ಹಳ್ಳದ ಬಗ್ಗೆ. ಡ್ಯುಯಲ್ ಬೂಟ್ ಮಾಡುವವರು ದಿನ ಕಳೆದಂತೆ ಲಿನಕ್ಸ್‌ಗೆ ಜಾಗ ಸಾಲದೆ ವಿಂಡೋಸ್ ಪಾರ್ಟಿಷನ್ ಕುಗ್ಗಿಸುತ್ತಾರೆ, ಅಲ್ವಾ? 200 ಜಿಬಿ ಇದ್ದದ್ದು 120 ಆಗುತ್ತದೆ. ಕೈಯಲ್ಲಿರುವುದು 200 ಇದ್ದಾಗಿನ ಇಮೇಜ್. ಒಳಗೆ 60 ಜಿಬಿ ಡೇಟಾ ಮಾತ್ರ ಇದ್ದರೂ ಅದು 120ಕ್ಕೆ ಇಳಿಯುವುದಿಲ್ಲ. ಗುರಿ ಪಾರ್ಟಿಷನ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು ಎಂದು ಟೂಲ್ ನಿಂತುಬಿಡುತ್ತದೆ. ಆಗ ಗಾಬರಿಯಲ್ಲಿ ಲಿನಕ್ಸ್ ಅಳಿಸಿ ಜಾಗ ಮಾಡಿದವರನ್ನು ನೋಡಿದ್ದೇನೆ. ಅದು ಬೇಕಿರಲಿಲ್ಲ. ಇನ್ನೊಂದು ಖಾಲಿ ಡಿಸ್ಕ್‌ಗೆ ಇಮೇಜ್ ಇಳಿಸಿ, ಅಲ್ಲಿ ಕುಗ್ಗಿಸಿ, ಹೊಸ ಇಮೇಜ್ ತೆಗೆದು ತಂದರೆ ಆಗುತ್ತದೆ. ನಿಧಾನದ ದಾರಿ, ಆದರೆ ಏನೂ ಕಳೆದುಹೋಗುವುದಿಲ್ಲ. ಪಾರ್ಟಿಷನ್ ಗಾತ್ರ ಬದಲಿಸಿದ ದಿನವೇ ಹೊಸ ಇಮೇಜ್ ತೆಗೆದರೆ ಇದಕ್ಕೆ ಅವಕಾಶವೇ ಇರುವುದಿಲ್ಲ.

ರಿಸ್ಟೋರ್ ದಿನ ಬಂತು ಎನ್ನಿ. ಮೊದಲು ಲಿನಕ್ಸ್‌ನ ಮುಖ್ಯ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿ. ವಿಂಡೋಸ್ ಕೆಟ್ಟಿದ್ದರೂ ಲಿನಕ್ಸ್ ನಡೆಯುತ್ತಿರುತ್ತದೆ, ಆ ಒಂದು ಗಂಟೆ ಕೊಡಿ. ಆಮೇಲೆ ಲೈವ್ ಯುಎಸ್‌ಬಿ. ಡಿಸ್ಕ್‌ಗಳ ಹೆಸರು ಪ್ರತಿ ಬೂಟ್‌ನಲ್ಲೂ ಅದೇ ಇರುತ್ತದೆ ಎಂದು ನಂಬಬೇಡಿ. ನಿನ್ನೆ ಎಸ್‌ಡಿಎ ಆಗಿದ್ದದ್ದು ಇವತ್ತು ಎಸ್‌ಡಿಬಿ ಆಗಬಹುದು. ಗಾತ್ರ ಮತ್ತು ಲೇಬಲ್ ನೋಡಿ, ಕಾಗದದ ಪಟ್ಟಿಗೆ ತಾಳೆ ಹಾಕಿ. ಕ್ಲೋನ್‌ಜಿಲ್ಲಾದಲ್ಲಿ ರಿಸ್ಟೋರ್‌ಪಾರ್ಟ್ಸ್ ಆರಿಸಿ, ರಿಸ್ಟೋರ್‌ಡಿಸ್ಕ್ ಅಲ್ಲ. ವಿಂಡೋಸ್‌ನ ಸ್ವಂತ ಸಿಸ್ಟಮ್ ಇಮೇಜ್ ಬಳಸುವವರು ಡಿಸ್ಕ್ ಅನ್ನು ಫಾರ್ಮ್ಯಾಟ್ ಮಾಡಿ ಮತ್ತೆ ಪಾರ್ಟಿಷನ್ ಮಾಡುವ ಆಯ್ಕೆ ಕಂಡರೆ ಅಲ್ಲೇ ನಿಲ್ಲಿ.

ಸಿ ಪಾರ್ಟಿಷನ್ ಅಳಿಸಿ ಹೊಸದು ಮಾಡಬೇಡಿ. ಇದ್ದ ಜಾಗದ ಮೇಲೆಯೇ ಬರೆಸಿ. ಪ್ರತಿ ಪಾರ್ಟಿಷನ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ವಿಂಡೋಸ್‌ನ ಬೂಟ್ ದಾಖಲೆ ಆ ಸಂಖ್ಯೆ ಹಿಡಿದೇ ಸಿ ಡ್ರೈವ್ ಹುಡುಕುತ್ತದೆ. ಅಳಿಸಿ ಮಾಡಿದರೆ ಸಂಖ್ಯೆ ಬದಲಾಗುತ್ತದೆ, ಫೈಲ್‌ಗಳೆಲ್ಲ ಇದ್ದರೂ ವಿಂಡೋಸ್ ಏಳುವುದಿಲ್ಲ. ಹಾಗಾಗಿಬಿಟ್ಟರೆ ವಿಂಡೋಸ್ ಇನ್‌ಸ್ಟಾಲ್ ಯುಎಸ್‌ಬಿಯಲ್ಲಿ ಬೂಟ್ ಮಾಡಿ, ಕಮಾಂಡ್ ಪ್ರಾಂಪ್ಟ್‌ನಿಂದ ಬಿಸಿಡಿಬೂಟ್ ಓಡಿಸಿದರೆ ದಾಖಲೆ ಮತ್ತೆ ಬರೆಯುತ್ತದೆ.

ಗ್ರಬ್ ಮೆನು ಕಾಣದಿದ್ದರೆ ಹೆದರಬೇಡಿ. ಸಾಮಾನ್ಯವಾಗಿ ಬೂಟ್ ಸರದಿ ಬದಲಾಗಿರುತ್ತದೆ, ಯುಇಎಫ್‌ಐ ಸೆಟ್ಟಿಂಗ್‌ನಲ್ಲಿ ಲಿನಕ್ಸ್ ಅನ್ನು ಮೇಲೆ ತಂದರೆ ಮುಗಿಯಿತು. ಮೆನು ಬಂದು ಅದರಲ್ಲಿ ವಿಂಡೋಸ್ ಇಲ್ಲದಿದ್ದರೆ ಕಾರಣ ಬೇರೆ. 2021ರ ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವ ಓಎಸ್ ಪ್ರೋಬರ್ ಮೊದಲೇ ಆಫ್ ಆಗಿರುತ್ತದೆ. ಗ್ರಬ್ ಸೆಟ್ಟಿಂಗ್ ಫೈಲ್‌ನಲ್ಲಿ ಅದನ್ನು ಆನ್ ಮಾಡಿ ಮೆನು ಮತ್ತೆ ಕಟ್ಟಿಸಿ.

ಎಲ್ಲ ಆದ ಮೇಲೆ ನಾನು ಮೊದಲು ಲಿನಕ್ಸ್‌ಗೆ ಹೋಗುತ್ತೇನೆ. ಹೋಮ್ ಫೋಲ್ಡರ್ ತೆರೆದು ನಾಲ್ಕು ಫೈಲ್ ನೋಡುತ್ತೇನೆ. ಆಮೇಲೆ ವಿಂಡೋಸ್.