ಬೀರು ತುಂಬಾ ಬಟ್ಟೆ, ಆದ್ರೂ ಹಾಕ್ಕೊಳಕ್ಕೆ ಏನೂ ಇಲ್ಲ, ಯಾಕೆ?

ಪ್ರಶ್ನೆ: ಬೀರು ಬಾಗಿಲು ತೆಗೆದ್ರೆ ಬಟ್ಟೆ ಕೆಳಗೆ ಬೀಳತ್ತೆ, ಅಷ್ಟಿದೆ. ಆದ್ರೂ ಬೆಳಗ್ಗೆ ಆಫೀಸಿಗೆ ಹೊರಡೋವಾಗ ಏನ್ ಹಾಕ್ಕೊಳೋದು ಅಂತ ಕಾಲು ಗಂಟೆ ನಿಂತಿರ್ತೀನಿ. ದಿನಾ ಹಾಕೋದಕ್ಕೆ ಅಂತ ಏನೇನು ಇಟ್ಕೋಬೇಕು? ನನ್ನ ಸ್ಟೈಲ್ ಯಾವುದು ಅಂತಾನೇ ನಂಗೆ ಗೊತ್ತಿಲ್ಲ.

ಇದನ್ನ ಕೇಳೋರು ಸಾಮಾನ್ಯವಾಗಿ ಒಂದು ಲಿಸ್ಟ್ ಸಿಗತ್ತೆ ಅಂದ್ಕೊಂಡಿರ್ತಾರೆ, ಬಿಳಿ ಶರ್ಟ್ ಒಂದು ಕಪ್ಪು ಪ್ಯಾಂಟ್ ಒಂದು ಬ್ಲೇಜರ್ ಒಂದು ಅನ್ನೋ ಥರ. ಅದನ್ನ ನಾನು ಕೊಡಲ್ಲ. ಅಂಥ ಲಿಸ್ಟಿನ ಹಿಂದಿರೋದು ಕ್ಯಾಪ್ಸೂಲ್ ವಾರ್ಡ್‌ರೋಬ್ ಅನ್ನೋ ಯೋಚನೆ, ಅಂದ್ರೆ ಒಂದಕ್ಕೊಂದು ಹೊಂದೋ ಕೆಲವೇ ಬಟ್ಟೆ ಇಟ್ಕೊಳೋದು. ಈ ಮಾತು 1970ರ ದಶಕದಲ್ಲಿ ಲಂಡನ್ ಕಡೆ ಚಾಲ್ತಿಗೆ ಬಂತು, ಆಮೇಲೆ 1985ರಲ್ಲಿ ನ್ಯೂಯಾರ್ಕಿನ ಡಿಸೈನರ್ ಡೊನ್ನಾ ಕರನ್ ಒಂದಕ್ಕೊಂದು ಹೊಂದೋ ಏಳು ಉಡುಪಿನ ಕಲೆಕ್ಷನ್ ತಂದ್ಮೇಲೆ ಇನ್ನೂ ಹರಡ್ತು. ಒಂದಕ್ಕೊಂದು ಹೊಂದ್ಬೇಕು ಅನ್ನೋದು ಒಳ್ಳೇ ಯೋಚನೆ, ಅದಷ್ಟನ್ನ ತಗೊಳ್ಳಿ. ಆದ್ರೆ ಅಲ್ಲಿನ ಚಳಿಗೆ ಮಾಡಿದ ಲಿಸ್ಟು ನಮ್ಗೆ ಹೇಗ್ ಆಗತ್ತೆ? ಜುಲೈನಲ್ಲಿ ಮಂಗಳೂರಲ್ಲಿ ದಪ್ಪ ಜೀನ್ಸ್ ಒಗೆದು ಹಾಕಿದ್ರೆ ಒಣಗೋದೇ ಇಲ್ಲ, ಕಲಬುರಗಿ ಮೇ ಬಿಸಿಲಲ್ಲಿ ಲೈನಿಂಗ್ ಇರೋ ಬ್ಲೇಜರ್ ಹಾಕ್ಕೊಂಡು ಬಸ್ ಹತ್ತಕ್ಕಾಗಲ್ಲ.

ನಿಮ್ಮ ಸ್ಟೈಲ್ ಗೊತ್ತಾಗ್ಬೇಕು ಅಂದ್ರೆ ಬೀರು ನೋಡ್ಬೇಡಿ, ಒಗೆಯೋ ಬಕೆಟ್ ನೋಡಿ. ಬೀರುವಲ್ಲಿರೋದು ನೀವು ಆಸೆಪಟ್ಟು ತಗೊಂಡಿದ್ದು, ಬಕೆಟ್‌ಗೆ ಬರೋದು ನೀವು ನಿಜವಾಗ್ಲೂ ಹಾಕ್ಕೊಳೋದು. ಒಂದು ತಿಂಗಳು ಹೀಗ್ ಮಾಡಿ, ಒಗೆದು ಮಡಚಿದ ಬಟ್ಟೆನೆಲ್ಲ ಬೇರೆ ಒಂದೇ ಶೆಲ್ಫಲ್ಲಿ ಇಡ್ತಾ ಬನ್ನಿ. ತಿಂಗಳ ಕೊನೆಗೆ ಅಲ್ಲಿ ಹತ್ತು ಹದಿನೈದು ಇರತ್ತೆ ಅಷ್ಟೇ, ಮತ್ತೆ ಅದ್ರಲ್ಲಿ ಏನೋ ಒಂದು ಸಾಮ್ಯ ಕಾಣ್ಸತ್ತೆ, ಎಲ್ಲಾ ಕಾಟನ್ನೇ ಇರ್ಬಹುದು, ಎಲ್ಲದಕ್ಕೂ ಮುಕ್ಕಾಲು ತೋಳೇ ಇರ್ಬಹುದು, ಇಲ್ಲಾ ಎಲ್ಲಾ ಮಣ್ಣು ಬಣ್ಣ ಸಾಸಿವೆ ಬಣ್ಣ. ಅದೇ ನಿಮ್ಮ ಸ್ಟೈಲು, ನೀವು ಹೆಸರಿಟ್ಟಿರ್ಲಿಲ್ಲ ಅಷ್ಟೇ.

ಈಗ ಹಾಕದೇ ಉಳಿದಿರೋದನ್ನ ಒಂದೊಂದೇ ಎತ್ಕೊಂಡು ಯಾಕೆ ಹಾಕ್ಲಿಲ್ಲ ಅಂತ ಕೇಳ್ಕೊಳ್ಳಿ. ಚುಚ್ಚತ್ತೆ, ಟೈಟ್ ಆಗಿದೆ ಅನ್ನೋವು ಕೆಲವು ಇರತ್ತೆ, ಅದನ್ನ ಬೇಕಾದೋರಿಗೆ ಕೊಟ್ಬಿಡಿ. ಆದ್ರೆ ನಾನು ನೋಡಿರೋ ಮಟ್ಟಿಗೆ ಹೆಚ್ಚಿನವು ಸುಮ್ನೆ ಕೂತಿರೋದು ಜೋಡಿ ಇಲ್ಲದೆ. ಸೀರೆ ಇದೆ ಅದಕ್ಕೆ ಬ್ಲೌಸ್ ಹೊಲಿಸಿಲ್ಲ, ಕುರ್ತಾ ಇದೆ ಅದಕ್ಕೆ ಹೊಂದೋ ಪ್ಯಾಂಟಿಲ್ಲ, ಚೂಡಿದಾರದ ವೇಲ್ ಬಣ್ಣ ಬಿಟ್ಟು ಹೋಗಿದೆ. ಅಂಗಡಿಗೆ ಹೋದಾಗ ನಮ್ ಕಣ್ಣು ಹೋಗೋದು ಸೀರೆ ಮೇಲೆ, ಕುರ್ತಾ ಮೇಲೆ, ಲಂಗಕ್ಕೂ ಲೆಗ್ಗಿಂಗ್ಸಿಗೂ ದುಡ್ಡು ಹಾಕೋಕೆ ಮನಸ್ಸು ಬರಲ್ಲ. ದಿನಾ ಬಳಕೆಯ ಬೀರುವನ್ನ ಹಿಡಿದು ನಿಲ್ಸೋದು ಮಾತ್ರ ಇವೇ.

ನಮ್ಮಮ್ಮ ಸರ್ಕಾರಿ ಶಾಲೆ ಟೀಚರ್ ಆಗಿದ್ರು, ವಾರ ಪೂರ್ತಿ ಸೀರೆ, ಆದ್ರೆ ಬ್ಲೌಸ್ ನಾಲ್ಕೇ: ಕಪ್ಪು, ಮೆರೂನ್, ಕೆನೆ ಬಣ್ಣ, ಮತ್ತೆ ಒಂದು ಗುಳೇದಗುಡ್ಡ ಖಣದ್ದು. ಇಳಕಲ್ ಸೀರೆ ನೋಡಿ, ಒಡಲು ಯಾವ ಬಣ್ಣದ್ದೇ ಇರ್ಲಿ, ಟೋಪ್ ತೆನಿ ಅನ್ನೋ ಸಾಂಪ್ರದಾಯಿಕ ವಿನ್ಯಾಸದ ಸೆರಗು ಕೆಂಪು ಬಿಳಿಯಲ್ಲೇ ಇರತ್ತೆ, ಹಾಗಾಗಿ ಒಂದು ಕೆಂಪು ಖಣದ ಬ್ಲೌಸಿದ್ರೆ ಐದು ಇಳಕಲ್ಲಿಗೆ ಸಾಕು. ಒಡಲು ಕಾಟನ್ ಇರೋದನ್ನ ಕೇಳಿ ತಗೊಂಡ್ರೆ ದಿನಬಳಕೆಗೂ ಆಗತ್ತೆ. ಉಡುಪಿ ಸೀರೆನೂ ಅಷ್ಟೇ, ಹಗುರ, ಬೆವರಿಗೆ ಹಿತ. ಕುರ್ತಾ ಹಾಕೋರಿಗೆ ಸಾಗರದ ಹತ್ರ ಹೆಗ್ಗೋಡಿನ ಚರಕ ಅನ್ನೋ ಮಹಿಳಾ ಸಹಕಾರ ಸಂಘದವ್ರ ಕೈಮಗ್ಗದ ಬಟ್ಟೆ ನಂಗಿಷ್ಟ, ಅಡಿಕೆ ಚೊಗರು (ಅಡಿಕೆ ಬೇಯಿಸಿದಾಗ ಸಿಗೋ ರಸ), ದಾಳಿಂಬೆ ಸಿಪ್ಪೆ ಇಂಥದ್ರಿಂದ ಬಣ್ಣ ಹಾಕ್ತಾರೆ, ಆ ಬಣ್ಣಗಳು ಯಾವುದರ ಜೊತೆ ಯಾವುದನ್ನ ಹಾಕಿದ್ರೂ ಜಗಳ ಆಡಲ್ಲ.

ರೇಟ್ ನೋಡೋವಾಗ ಎಷ್ಟು ಸಲ ಹಾಕ್ಕೋತೀನಿ ಅಂತ ಲೆಕ್ಕ ಹಾಕಿ. 900 ರೂಪಾಯಿ ಕುರ್ತಾ 60 ಸಲ ಹಾಕಿದ್ರೆ ಸಲಕ್ಕೆ 15 ರೂಪಾಯಿ ಬಿತ್ತು, 3000ದ್ದು ಎರಡೇ ಸಲ ಹಾಕಿದ್ರೆ 1500. ಮದುವೆ ಹಬ್ಬದ ರೇಷ್ಮೆ ಸೀರೆಗೆ ಈ ಲೆಕ್ಕ ಬೇಡ, ಅದರ ಸಂತೋಷನೇ ಬೇರೆ, ಅದನ್ನ ಬೇರೆ ಕಡೆ ಎತ್ತಿಡಿ, ದಿನದ ಬಟ್ಟೆ ಮಧ್ಯ ಸೇರಿಸ್ಬೇಡಿ.

ಹೊಸದಾಗಿ ಏನ್ ತಗೊಳ್ಳೋದಿದ್ರೂ, ಈಗ ಮನೇಲಿರೋ ಮೂರರ ಜೊತೆ ಹೋಗತ್ತಾ ನೋಡಿ. ಹೋಗಲ್ಲ ಅಂದ್ರೆ ಬಿಟ್ಟು ಬನ್ನಿ.

ಇನ್ನೊಂದು, ಹೊಲಿಸೋ ಮುಂಚೆ ಕಾಟನ್ ಬಟ್ಟೆ, ಲೈನಿಂಗು, ಸೀರೆ ಫಾಲು ಎಲ್ಲಾ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಕೊಡಿ, ಬಣ್ಣದ್ದನ್ನ ಬೇರೆ ಬೇರೆ ಬಕೆಟಲ್ಲಿ. ಫಾಲ್ ನೆನೆಸದೇ ಹೊಲಿಸಿದ್ರೆ ಮೊದಲ್ನೇ ಒಗೆತಕ್ಕೇ ಅದು ಕುಗ್ಗಿ ಸೀರೆ ಅಂಚು ಸುಕ್ಕು ಸುಕ್ಕಾಗತ್ತೆ, ಆಮೇಲೆ ಎಷ್ಟು ಇಸ್ತ್ರಿ ಹಾಕಿದ್ರೂ ನೆಟ್ಟಗಾಗಲ್ಲ, ಆ ಸೀರೆ ಮತ್ತೆ ಬೀರು ಒಳಗೇ ಕೂರತ್ತೆ. ಬ್ಲೌಸಿಗೆ ಎರಡೂ ಪಕ್ಕ ಒಳಗಡೆ ಒಂದೊಂದು ಇಂಚಾದ್ರೂ ಬಟ್ಟೆ ಬಿಡಿ ಅಂತ ಟೈಲರ್‌ಗೆ ಹೇಳಿ, ಎರಡು ವರ್ಷ ಆದ್ಮೇಲೆ ಬಿಚ್ಚಿಸಿಕೊಂಡು ಹಾಕ್ಕೋಬಹುದು.