ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ

ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ ಬಂತೆಂದರೆ ಎರಡು ಚರ್ಚೆ ತಪ್ಪಿದ್ದಲ್ಲ. ಉಪಾಧ್ಯಕ್ಷ ಸ್ಥಾನಕ್ಕೆ ಜೋಡಿ ಯಾರು? ಕೆಸರೆರಚಾಟ ಎಲ್ಲಿಗೆ ಮುಟ್ಟಿತು? ಇವೆರಡನ್ನೂ ಬೇರೆ ಬೇರೆ ಸುದ್ದಿ ಎಂದು ಓದುವುದು ನಮಗೆ ರೂಢಿಯಾಗಿದೆ.

ಮೊದಲು ಜೋಡಿ ಎಂಬುದೇ ಇರಲಿಲ್ಲ. ಎರಡನೇ ಸ್ಥಾನ ಬಂದವರೇ ಉಪಾಧ್ಯಕ್ಷರು. ಹೀಗಾಗಿ 1796ರಲ್ಲಿ ಗೆದ್ದ ಜಾನ್ ಆಡಮ್ಸ್‌ಗೆ ಸೋತ ಎದುರಾಳಿ ಜೆಫರ್ಸನ್ನೇ ಉಪಾಧ್ಯಕ್ಷ! 1800ರಲ್ಲಿ ಜೆಫರ್ಸನ್‌ಗೂ ಅವರದೇ ಪಕ್ಷದ ಆರನ್ ಬರ್‌ಗೂ ತಲಾ 73 ಎಲೆಕ್ಟೋರಲ್ ಮತ (ರಾಜ್ಯಗಳ ಪರವಾಗಿ ಅಧ್ಯಕ್ಷರನ್ನು ಆರಿಸುವವರ ಮತ) ಬಿದ್ದು, ಪ್ರತಿನಿಧಿ ಸಭೆ 36 ಸುತ್ತು ಮತ ಹಾಕಿ ಗಂಟು ಬಿಡಿಸಿತು. 1804ರಲ್ಲಿ ಸಂವಿಧಾನಕ್ಕಾದ 12ನೇ ತಿದ್ದುಪಡಿ ಎರಡು ಹುದ್ದೆಗೂ ಬೇರೆ ಬೇರೆ ಮತ ಎಂದಿತು. ಬೈಗುಳಕ್ಕೆ ಮಾತ್ರ ಯಾವ ತಿದ್ದುಪಡಿಯೂ ಬರಲಿಲ್ಲ. 1828ರಲ್ಲಿ ಆಂಡ್ರ್ಯೂ ಜಾಕ್ಸನ್ನರ ಮದುವೆಯನ್ನೇ ಬೀದಿಗೆಳೆದರು. ಅವರು ಗೆದ್ದರು, ಪ್ರಮಾಣವಚನಕ್ಕೆ ಮೊದಲೇ ಪತ್ನಿ ತೀರಿಕೊಂಡರು.

ಮುಂದೆ ನೂರಕ್ಕೂ ಹೆಚ್ಚು ವರ್ಷ ಜೋಡಿ ಕೂಡಿಸಿದ್ದು ಹೆಚ್ಚಾಗಿ ಪಕ್ಷದ ಮುಖಂಡರೇ. ಆದರೆ ಜೋಡಿಯ ಕೆಲಸದಲ್ಲಿ ಬದಲಾವಣೆ ಎದ್ದು ಕಂಡದ್ದು 1952ರಲ್ಲಿ. ಯುದ್ಧ ಗೆದ್ದ ಜನರಲ್ ಐಸೆನ್‌ಹೋವರ್ ನಗುತ್ತಾ ಕೈಬೀಸಿದರೆ ಸಾಕಿತ್ತು. ಎದುರಾಳಿಯನ್ನು ಜಾಡಿಸುವ ಕೆಲಸ ಅವರ ಜೋಡಿ ನಿಕ್ಸನ್ ಪಾಲಿಗೆ ಬಂತು. ಮುಂದೆ ನಿಕ್ಸನ್ನೇ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಅದನ್ನು ಅವರ ಜೋಡಿ ಸ್ಪಿರೋ ಆಗ್ನ್ಯೂ ವಹಿಸಿಕೊಂಡರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತೇವಲ್ಲ, ಇಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

2008 ಈ ಲೆಕ್ಕವನ್ನು ಬಯಲಿಗಿಟ್ಟ ವರ್ಷ. ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಜಾನ್ ಮೆಕೇನ್ ಸ್ವತಃ ಕೆಸರು ತಿಂದವರು. 2000ದಲ್ಲಿ ಪಕ್ಷದ ಟಿಕೆಟ್ಟಿಗಾಗಿ ಪೈಪೋಟಿ ನಡೆದಾಗ ದಕ್ಷಿಣ ಕೆರೊಲಿನಾದಲ್ಲಿ, ಅವರು ಬಾಂಗ್ಲಾದೇಶದಿಂದ ದತ್ತು ತಂದ ಮಗಳ ಬಗ್ಗೆ ಹೊಲಸು ಪಿಸುಮಾತು ಹರಡಿಸಲಾಗಿತ್ತು. ಅಂಥವರ ಪ್ರಚಾರವೇ ಈ ಸಲ ಜುಲೈ ಹೊತ್ತಿಗೆ ಎದುರಾಳಿ ಒಬಾಮಾರನ್ನು ಬ್ರಿಟ್ನಿ ಸ್ಪಿಯರ್ಸ್, ಪ್ಯಾರಿಸ್ ಹಿಲ್ಟನ್ ಪಕ್ಕ ನಿಲ್ಲಿಸಿ, ಇವರೂ ಬರೀ ಸೆಲೆಬ್ರಿಟಿ ಎಂಬಂತೆ ಜಾಹೀರಾತು ಬಿಟ್ಟಿತು. ಜೋಡಿಯ ವಿಷಯದಲ್ಲೂ ಅಷ್ಟೇ. ಮೆಕೇನ್ ಮನಸ್ಸಿದ್ದದ್ದು ಗೆಳೆಯ, ಸೆನೆಟರ್ ಜೋ ಲೀಬರ್‌ಮನ್ ಮೇಲೆ. ಆದರೆ ಗರ್ಭಪಾತದ ಹಕ್ಕಿನ ಪರ ಇದ್ದವರನ್ನು ಪಕ್ಷದವರು ಒಪ್ಪುವುದುಂಟೇ? ಆಗಸ್ಟ್ 29ರಂದು ಡೇಟನ್‌ನಲ್ಲಿ ವೇದಿಕೆ ಹತ್ತಿದ್ದು ಅಲಾಸ್ಕಾದ ಗವರ್ನರ್ ಸಾರಾ ಪೇಲಿನ್. ಸಭೆಗಳು ತುಂಬತೊಡಗಿದವು. ಅಕ್ಟೋಬರ್ ಬರುವಷ್ಟರಲ್ಲಿ ಒಬಾಮಾರಿಗೆ ಭಯೋತ್ಪಾದಕರ ಸಹವಾಸವಿದೆ ಎಂಬ ಮಾತು ಪೇಲಿನ್ ಭಾಷಣಕ್ಕೂ ಬಂತು.

ಅಕ್ಟೋಬರ್ 10, ಮಿನೆಸೋಟಾದ ಲೇಕ್‌ವಿಲ್. ಒಬಾಮಾ ಅಧ್ಯಕ್ಷರಾದರೆ ಹೆದರಬೇಕಾದ್ದಿಲ್ಲ ಎಂದ ಮೆಕೇನ್‌ರನ್ನು ಅವರ ಬೆಂಬಲಿಗರೇ ಕೂಗಿ ಧಿಕ್ಕರಿಸಿದರು. ಒಬ್ಬ ಮಹಿಳೆ ಮೈಕ್ ಹಿಡಿದು, ಒಬಾಮಾರನ್ನು ನಂಬಲಾರೆ, ಆತ ಅರಬ ಎಂದರು. ಮೆಕೇನ್ ತಲೆಯಾಡಿಸುತ್ತಾ ಮೈಕ್ ಇಸಿದುಕೊಂಡು, ಇಲ್ಲಮ್ಮ, ಆತ ಸಭ್ಯ ಸಂಸಾರಸ್ಥ, ಈ ದೇಶದ ಪ್ರಜೆ, ನನಗೂ ಅವರಿಗೂ ಭಿನ್ನಾಭಿಪ್ರಾಯವಿದೆ ಅಷ್ಟೇ ಎಂದರು. (ಅರಬರಲ್ಲಿ ಸಭ್ಯ ಸಂಸಾರಸ್ಥರಿಲ್ಲವೇ ಎಂದು ಆಮೇಲೆ ಕೇಳಿದವರೂ ಇದ್ದರು, ತಪ್ಪೇನಿಲ್ಲ.) ಆ ಭಯ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ, ಮೈಕ್ ಕಿತ್ತುಕೊಂಡ ಮಾತ್ರಕ್ಕೆ ಹೋಗುವಂಥದ್ದೂ ಆಗಿರಲಿಲ್ಲ.

ಎಲೆಕ್ಟೋರಲ್ ಮತಗಳ ಫಲಿತಾಂಶ 365–173, ಒಬಾಮಾ ಪರ. ಹತ್ತು ವರ್ಷ ಕಳೆದು, ಕ್ಯಾನ್ಸರ್ ಜತೆ ಸೆಣಸುತ್ತಿದ್ದ ಮೆಕೇನ್, ಲೀಬರ್‌ಮನ್ ಅವರನ್ನೇ ಆರಿಸಬೇಕಿತ್ತು ಎಂದು ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡರು. ಪೇಲಿನ್‌ರನ್ನು ಮಾತ್ರ ಆಗಲೂ ಬಿಟ್ಟುಕೊಡಲಿಲ್ಲ.