ಸ್ಟೇರಿಂಗ್ ಬಾಕ್ಸ್ ಸೋರಿಕೆ: ಸೀಲ್ ಬದಲಿಸುವ ಮುನ್ನ ನೋಡಬೇಕಾದದ್ದು

ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಶಿವಮೊಗ್ಗದ ಗ್ಯಾರೇಜುಗಳಿಗೆ ಮುಂಭಾಗದ ಕೆಲಸಕ್ಕೆಂದು ಬರುವ ಹಳೆಯ ಜೀಪು ಮತ್ತು ಲಾರಿಗಳಲ್ಲಿ, ಸ್ಟೇರಿಂಗ್ ತಿರುಗಿಸಿದ್ದನ್ನು ಮುಂದಿನ ಚಕ್ರಗಳಿಗೆ ದಾಟಿಸುವ ಗೇರ್ ಪೆಟ್ಟಿಗೆಯಾದ ಸ್ಟೇರಿಂಗ್ ಬಾಕ್ಸ್‌ನಿಂದ ಆಯಿಲ್ ಸೋರುತ್ತಿರುವುದು ಸಾಮಾನ್ಯವಾಗಿ ಕಾಣುತ್ತದೆ. ಟೈರಾಡ್ ಎಂಡ್ (ಮುಂದಿನ ಚಕ್ರಗಳನ್ನು ಜೋಡಿಸುವ ಸರಳಿನ ತುದಿಯ ಕೀಲು), ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಗೂಟ) ಬುಷ್‌ಗಳನ್ನು ಬದಲಿಸುವಾಗ ಬಾಕ್ಸ್‌ನ ಸೀಲನ್ನೂ ಹಾಕಿಬಿಡಿ ಎಂದು ಮಾಲೀಕರು ಹೇಳುತ್ತಾರೆ. ಸೀಲ್, ಅಂದರೆ ಶಾಫ್ಟಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಉಂಗುರ, ಅಗ್ಗದ ವಸ್ತು. ಆದರೆ ಅದು ಕೆಟ್ಟದ್ದು ಏಕೆಂದು ತಿಳಿಯದೆ ಹಾಕಿದ ಹೊಸ ಸೀಲ್ ಬೇಗನೆ ಮತ್ತೆ ಸೋರುತ್ತದೆ.

ಮೊದಲು ಸೋರುವ ಜಾಗವನ್ನು ಖಚಿತಪಡಿಸಿಕೊಳ್ಳಬೇಕು. ಆಯಿಲ್ ಎಲ್ಲಿಂದ ಹೊರಟರೂ ಕೆಳಗಿಳಿದು, ಬಾಕ್ಸಿನ ತಳದ ಶಾಫ್ಟಿನಿಂದ ಚಕ್ರಗಳ ಲಿಂಕನ್ನು ಎಳೆಯುವ ತೋಳಾದ ಡ್ರಾಪ್ ಆರ್ಮ್‌ನ ನಟ್ಟಿನಿಂದಲೇ ತೊಟ್ಟಿಕ್ಕುವುದರಿಂದ ಕೆಳಗಿನ ಸೀಲಿನ ಮೇಲೆ ತಪ್ಪು ಹೊರಿಸುವುದು ಸುಲಭ. ನಮ್ಮ ಕೆಮ್ಮಣ್ಣು ಮೆತ್ತಿಕೊಂಡಿದ್ದರೆ ಪವರ್ ಸ್ಟೇರಿಂಗ್‌ನ ಕೆಂಪು ಆಯಿಲ್ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಬಾಕ್ಸನ್ನು ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿ, ಎಂಜಿನ್ ಚಾಲೂ ಮಾಡಿ, ಮತ್ತೊಬ್ಬರಿಂದ ಸ್ಟೇರಿಂಗನ್ನು ಎರಡೂ ಕಡೆಗೆ ತಿರುಗಿಸುತ್ತ ಮೇಲಿನಿಂದ ಕೆಳಕ್ಕೆ ನೋಡಬೇಕು: ಹೋಸ್‌ಗಳ ಜಾಯಿಂಟು, ಸ್ಟೇರಿಂಗ್ ಕಾಲಂ (ಚಕ್ರದಿಂದ ಇಳಿದು ಬರುವ ದಂಡ) ಸೇರುವ ಶಾಫ್ಟಿನ ಸೀಲು, ಕವರಿನ ಪ್ಯಾಕಿಂಗು, ಅಡ್ಜಸ್ಟ್ ಸ್ಕ್ರೂವಿನ (ಒಳಗಿನ ಹಲ್ಲುಗಳ ಸಡಿಲ ಹೊಂದಿಸುವ ತಿರುಪು) ಲಾಕ್ ನಟ್ಟು, ಕೊನೆಗೆ ಡ್ರಾಪ್ ಆರ್ಮ್ ಶಾಫ್ಟಿನ ಸೀಲು. ಸ್ಟೇರಿಂಗನ್ನು ಒಂದೇ ಕಡೆಗೆ ಪೂರ್ತಿ ತಿರುಗಿಸಿದ ಸ್ಥಿತಿಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹಿಡಿದಿಡಬಾರದು. ಆಗ ಪಂಪಿನ ಒತ್ತಡ ಗರಿಷ್ಠಕ್ಕೇರಿ ಆಯಿಲ್ ಕಾಯುತ್ತದೆ.

ಕೆಳಗಿನ ಸೀಲೇ ಸೋರುತ್ತಿದ್ದರೆ ಡ್ರಾಪ್ ಆರ್ಮನ್ನು ಬಿಚ್ಚಬೇಕಾಗುತ್ತದೆ. ಬಿಚ್ಚುವ ಮೊದಲು ಆರ್ಮ್ ಮತ್ತು ಶಾಫ್ಟಿನ ಮೇಲೆ ಗುರುತು ಹಾಕಿಕೊಂಡು, ಪುಲ್ಲರ್‌ನಿಂದಲೇ ಎಳೆಯಬೇಕು. ಸುತ್ತಿಗೆಯಿಂದ ಹೊಡೆದರೆ ಆ ಪೆಟ್ಟು ಶಾಫ್ಟಿನ ಮೂಲಕ ಒಳಗಿನ ಗುಂಡುಗಳು ಮತ್ತು ಅವು ಉರುಳುವ ದಾರಿಯವರೆಗೂ ಹೋಗುತ್ತದೆ. ಆರ್ಮ್ ಹೊರಬಂದ ಮೇಲೆ ಶಾಫ್ಟನ್ನು ಬೆಳಕಿನಲ್ಲಿ ನೋಡುವುದು ಈ ಇಡೀ ಕೆಲಸದ ತಿರುಳು. ತೋಟದ ರಸ್ತೆಗಳ ಕೆಸರು ಅಲ್ಲಿ ಅಂಟಿಕೊಂಡು ತಿಂಗಳುಗಟ್ಟಲೆ ನೀರನ್ನು ಹಿಡಿದಿಡುತ್ತದೆ. ಧೂಳು ತಡೆಯುವ ಹೊರಗಿನ ರಬ್ಬರ್ ಹರಿದಿದ್ದರೆ ಸೀಲಿನ ತುಟಿ ಕೂರುವ ಜಾಗದಲ್ಲೇ ತುಕ್ಕು ಕೊರೆಯುತ್ತದೆ. ತೆಳು ತುಕ್ಕನ್ನು ನಯವಾದ ಎಮರಿ ಕಾಗದದಿಂದ ತೆಗೆಯಬಹುದು. ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ಶಾಫ್ಟನ್ನೇ ಬದಲಿಸಬೇಕು. ಶಾಫ್ಟನ್ನು ಅಡ್ಡಡ್ಡವಾಗಿ ಅಲುಗಾಡಿಸಿದಾಗ ಆಟ (ಸಡಿಲ) ಕಂಡರೆ ಒಳಗಿನ ಬುಷ್ ಅಥವಾ ಬೇರಿಂಗ್ ಸವೆದಿದೆ ಎಂದರ್ಥ, ಮತ್ತು ಅಲುಗಾಡುವ ಶಾಫ್ಟಿನ ಮೇಲೆ ಯಾವ ಸೀಲೂ ನಿಲ್ಲುವುದಿಲ್ಲ.

ಇನ್ನೊಂದು ರೂಢಿಯನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಟೈರಾಡ್ ಎಂಡ್‌ಗಳು ಸವೆದು ಬಂದ ಆಟವನ್ನು ಮುಚ್ಚಲು ಬಾಕ್ಸಿನ ಅಡ್ಜಸ್ಟ್ ಸ್ಕ್ರೂವನ್ನು ಬಿಗಿ ಮಾಡಿ ಗಾಡಿ ಕಳಿಸುವುದುಂಟು. ಹಾಗೆ ಬಿಗಿದ ಬಾಕ್ಸ್ ತಿರುವಿನ ನಂತರ ತಾನಾಗಿ ನೇರಕ್ಕೆ ಮರಳುವುದಿಲ್ಲ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ, ಮಂಜು ಮುಸುಕಿದಾಗ, ಇದು ಜೀವಕ್ಕೇ ಅಪಾಯ. ಮೊದಲು ಲಿಂಕ್‌ಗಳ ಆಟವನ್ನು ತೆಗೆಯಬೇಕು. ಆಮೇಲೂ ಬಾಕ್ಸಿನಲ್ಲಿ ಆಟ ಉಳಿದಿದ್ದರೆ ಮಾತ್ರ ಸ್ಟೇರಿಂಗನ್ನು ನಡುಸ್ಥಿತಿಯಲ್ಲಿಟ್ಟು, ತಯಾರಕರು ಹೇಳಿದ ಅಳತೆಯಂತೆ ಹೊಂದಿಸಬೇಕು, ಏಕೆಂದರೆ ಒಳಗಿನ ಹಲ್ಲುಗಳು ಅತಿ ಹತ್ತಿರವಾಗುವುದು ಆ ಸ್ಥಿತಿಯಲ್ಲೇ.

ಹೊಸ ಸೀಲ್ ಕೂರಿಸುವಾಗ ಶಾಫ್ಟಿನ ಹಲ್ಲುಗಳಿಗೆ ತೆಳು ಟೇಪು ಸುತ್ತಿ, ಸೀಲಿನ ತುಟಿಗೆ ಗ್ರೀಸ್ ಸವರಿದರೆ ತುಟಿ ಹರಿದುಹೋಗುವುದಿಲ್ಲ. ಆಯಿಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಹೋಸ್ ಮಡಚಿಕೊಂಡಿದ್ದರೆ ಅಥವಾ ಒಳಗೆ ಕಟ್ಟಿಕೊಂಡಿದ್ದರೆ ಬಾಕ್ಸಿನಲ್ಲಿ ಒತ್ತಡ ಉಳಿದು ಒಳ್ಳೆಯ ಸೀಲನ್ನೂ ಹೊರದೂಡುತ್ತದೆ, ಹಾಗಾಗಿ ಅದನ್ನೂ ಪರೀಕ್ಷಿಸಬೇಕು. ಆಯಿಲ್ ತುಂಬಿದ ಮೇಲೆ ಮುಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿದ್ದಾಗಲೇ ಸ್ಟೇರಿಂಗನ್ನು ನಿಧಾನವಾಗಿ ಎರಡೂ ಕಡೆ ತಿರುಗಿಸಿ ಗಾಳಿ ಹೊರಹಾಕಬೇಕು. ಗಾಳಿ ಉಳಿದರೆ ಆಯಿಲ್ ನೊರೆಯೆದ್ದು ಟ್ಯಾಂಕಿನ ಮುಚ್ಚಳದಿಂದ ಉಕ್ಕುತ್ತದೆ, ಅದನ್ನೇ ಹೊಸ ಸೋರಿಕೆ ಎಂದು ತಿಳಿಯುವವರಿದ್ದಾರೆ. ಕೊನೆಗೆ ಡ್ರಾಪ್ ಆರ್ಮ್ ನಟ್ಟನ್ನು ಟಾರ್ಕ್ ವ್ರೆಂಚಿನಿಂದ ಬಿಗಿದು, ವೀಲ್ ಅಲೈನ್‌ಮೆಂಟ್ ಮಾಡಿಸಿ, ಗಾಡಿ ಒಮ್ಮೆ ಘಾಟಿ ಇಳಿದು ಹತ್ತಿ ಬಂದ ಮೇಲೆ ಬಾಕ್ಸಿನ ತಳವನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಬೇಕು.